ಬಿಟ್ಟು ಹೋಗದ ಹುಡುಗಿ ಬೇಕಂತೆ!

ಭಾನುವಾರ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಅವಳ ಮಗ ಒಂದು ಮಾತು ಹೇಳಿದ. ಆಗಿನಿಂದ ನನ್ನ ಸಿಟ್ಟು ಇಳಿದಿಲ್ಲ. ಅವನ ಮೇಲಲ್ಲ, ಪಾಪ. ಅವನು ಓದುತ್ತಿರುವ ಪುಸ್ತಕಗಳ ಮೇಲೆ. ಉದ್ದ ಆಗುತ್ತದೆ, ಪುರುಸೊತ್ತಿದ್ದವರು ಮಾತ್ರ ಓದಿ.

ಹುಡುಗ ಎಂಜಿನಿಯರಿಂಗ್ ಎರಡನೇ ವರ್ಷ. ನನ್ನ ಹಾಗೇ ಅವನಿಗೂ ಜಪಾನಿ ಲೈಟ್ ನಾವೆಲ್‌ಗಳ ಹುಚ್ಚು. (ಆ ಹುಚ್ಚು ಹತ್ತಿಸಿದ್ದು ಯಾರು ಅಂತ ನಿಮಗೆಲ್ಲ ಗೊತ್ತು. ಅಕ್ಕನಿಗೂ ಗೊತ್ತು. ಬಿಡಿ.) ಊಟದ ನಡುವೆ ಫೋನ್ ತೆಗೆದು ಒಂದು ಚಿತ್ರ ತೋರಿಸಿದ. ಸ್ಕೂಲ್ ಯೂನಿಫಾರಂ ಹಾಕಿದ ಹುಡುಗಿ, ಕೈಯಲ್ಲಿ ಚಾಕು, ಕಣ್ಣಲ್ಲಿ ಕಳೆಯೇ ಇಲ್ಲ, ಕೆನ್ನೆ ಮಾತ್ರ ನಾಚಿ ಕೆಂಪಾಗಿದೆ. "ಚಿಕ್ಕಮ್ಮ, ಇಷ್ಟು ಪ್ರೀತಿ ಮಾಡೋಳು ಸಿಕ್ಕರೆ ಸಾಕು ನೋಡು. ಯಾವತ್ತೂ ಬಿಟ್ಟು ಹೋಗಲ್ಲ" ಅಂದ.

ತಮಾಷೆಗೆ ಹೇಳಿದ್ದು, ಸರಿ. ಆದರೆ ಆ ಕೊನೆಯ ಮಾತು ತಮಾಷೆಯಲ್ಲ. ಯಾವತ್ತೂ ಬಿಟ್ಟು ಹೋಗಲ್ಲ. ಹ್ಯಾರೆಮ್ ಕಥೆಗಳ ಇಡೀ ಗುಟ್ಟು ಇರುವುದೇ ಅಲ್ಲಿ ಅಂತ ನನಗೆ ಬಹಳ ದಿನದಿಂದ ಅನಿಸುತ್ತಿತ್ತು. ಅದನ್ನು ಅವನು ಹಪ್ಪಳ ಮುರಿಯುತ್ತಾ ಹೇಳಿಬಿಟ್ಟ.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಲೈಟ್ ನಾವೆಲ್ ಅಂದರೆ ಅಂಗೈಯಲ್ಲಿ ಹಿಡಿಯುವ ಸಣ್ಣ ಪುಸ್ತಕ. ಮುಖಪುಟದಲ್ಲಿ ಅನಿಮೆ (ಜಪಾನಿ ಕಾರ್ಟೂನು) ಶೈಲಿಯ ಹುಡುಗಿ, ಒಳಗೆ ಆಗಾಗ ಚಿತ್ರ, ಕಥೆ ಒಂದರಲ್ಲಿ ಮುಗಿಯುವುದಿಲ್ಲ, ಸಂಪುಟದ ಮೇಲೆ ಸಂಪುಟ. ಹ್ಯಾರೆಮ್ ಅಂದರೆ ಅದರೊಳಗೊಂದು ಬಗೆ. ಒಬ್ಬ ಹುಡುಗ, ಅವನ ಮೇಲೆ ಜೀವ ಇಟ್ಟುಕೊಂಡ ನಾಲ್ಕೈದು ಹುಡುಗಿಯರು. ಹುಡುಗ ಸಾಧಾರಣ. ಓದು ಸಾಧಾರಣ, ರೂಪ ಸಾಧಾರಣ, ಮಾತಂತೂ ಇಲ್ಲವೇ ಇಲ್ಲ. ಓದುವವನು ಅವನ ಚಪ್ಪಲಿಯಲ್ಲಿ ಕಾಲು ತೂರಿಸಬೇಕಲ್ಲ, ಅದಕ್ಕೆ ಎಲ್ಲರ ಅಳತೆಗೂ ಆಗುವಂಥ ಚಪ್ಪಲಿ.

ಇದನ್ನು ಬೈಯುವವರೆಲ್ಲ "ಐದು ಹುಡುಗಿಯರು ಬೇಕಂತೆ, ನಾಚಿಕೆ ಇಲ್ಲ" ಅಂತ ಬೈಯುತ್ತಾರೆ. ನನ್ನ ತಕರಾರು ಅದಲ್ಲ. ಐದಲ್ಲ, ಐವತ್ತು ಇರಲಿ. ನನ್ನ ತಕರಾರು ಏನೆಂದರೆ, ಈ ಕಥೆಗಳಲ್ಲಿ ಹುಡುಗ ಯಾರನ್ನೂ ಪ್ರೀತಿಸುವುದೇ ಇಲ್ಲ! ಪ್ರೀತಿಸುವ ಕೆಲಸವೆಲ್ಲ ಹುಡುಗಿಯರದ್ದು. ಅವರೇ ಬರುತ್ತಾರೆ, ಅವರೇ ಬುತ್ತಿ ಕಟ್ಟುತ್ತಾರೆ, ಅವರೇ ಜಗಳ ಆಡುತ್ತಾರೆ, ಅವರೇ ಅಳುತ್ತಾರೆ. ಇವನು ಕೂತಿರುತ್ತಾನೆ. ಇಲ್ಲಿ ಈಡೇರುತ್ತಿರುವ ಆಸೆ ಬಹಳ ಹುಡುಗಿಯರು ಬೇಕು ಅನ್ನುವುದಲ್ಲ. ನಾನು ಬಾಯಿ ಬಿಟ್ಟು ಕೇಳಬಾರದು, ಆದರೂ ಸಿಗಬೇಕು, ಸಿಕ್ಕಿದ್ದು ಹೋಗಬಾರದು. ಅಷ್ಟೇ.

2009ರಲ್ಲಿ ಶುರುವಾದ 'ಇನ್ಫಿನಿಟ್ ಸ್ಟ್ರಾಟೋಸ್' ಸರಣಿ ನೋಡಿ. ಹೆಂಗಸರು ಮಾತ್ರ ತೊಟ್ಟು ಓಡಿಸಬಲ್ಲ ಯುದ್ಧದ ಯಂತ್ರಗಳು. ಇಡೀ ಲೋಕದಲ್ಲಿ ಒಬ್ಬನೇ ಒಬ್ಬ ಹುಡುಗನಿಗೆ ಅದು ಒಲಿಯುತ್ತದೆ, ಏಕೆ ಅಂತ ಕೇಳಬೇಡಿ. ಹಾಗಾಗಿ ಅವನನ್ನು ಹುಡುಗಿಯರೇ ತುಂಬಿರುವ ಶಾಲೆಗೆ ಹಾಕುತ್ತಾರೆ. ಅಲ್ಲಿಗೆ ಕಥೆ ಮುಗಿಯಿತು ಅಂತ ನಾನು ಅಂದುಕೊಂಡೆ. ಇಲ್ಲ, ಅಲ್ಲಿಂದ ಶುರು. ಒಬ್ಬೊಬ್ಬಳೂ ಅವನಿಗಾಗಿ ಒದ್ದಾಡುತ್ತಾಳೆ, ಆ ಮಹಾಶಯನಿಗೆ ಮಾತ್ರ ಏನೂ ಅರ್ಥವಾಗುವುದಿಲ್ಲ. ಎದುರಿಗೆ ನಿಂತು ಹೇಳಿದರೂ ಬೇರೆ ಏನೋ ಅಂದುಕೊಳ್ಳುತ್ತಾನೆ. ಇದನ್ನು ಮುಗ್ಧತೆ ಅನ್ನುತ್ತಾರೆ ಅಭಿಮಾನಿಗಳು. ಅನುಕೂಲದ ಮುಗ್ಧತೆ! ಅರ್ಥವಾದರೆ ಉತ್ತರ ಕೊಡಬೇಕಲ್ಲ. ಉತ್ತರ ಕೊಟ್ಟರೆ ನಾಲ್ಕು ಜನ ಹೋಗುತ್ತಾರೆ.

ಈ ಕಳ್ಳಾಟವನ್ನು ಒಳಗಿನವರೇ ಹಿಡಿದುಕೊಟ್ಟಿದ್ದಾರೆ, ಅದನ್ನೂ ಹೇಳಬೇಕು. ಯೋಮಿ ಹಿರಾಸಾಕ ಬರೆದ 'ಹಗನಾಯಿ' ಅನ್ನುವ ಸರಣಿ ಇದೆ. ಗೆಳೆಯರೇ ಇಲ್ಲದವರು ಸೇರಿ ಕಟ್ಟಿದ ಕ್ಲಬ್ಬಿನ ಕಥೆ. ಅದರ ಹೀರೊ ಕೊಡಾಕ, ಯಾವ ಹುಡುಗಿ ಮನಸ್ಸಿನ ಮಾತು ಆಡಿದರೂ "ಏನಂದೆ?" ಅನ್ನುತ್ತಾನೆ. ಕೇಳಿಸಲಿಲ್ಲವಂತೆ. ಸಂಪುಟಗಟ್ಟಲೆ ಇದೇ ಜೋಕು. ಆಮೇಲೆ ರಿಕಾ ಎಂಬ ಹುಡುಗಿ ಅವನನ್ನು ನಿಲ್ಲಿಸಿ ಕೇಳುತ್ತಾಳೆ. ನಿನಗೆ ಕೇಳಿಸುತ್ತದೆ, ಬೇಕಂತಲೇ ಕೇಳಿಸದ ಹಾಗೆ ಇರುತ್ತೀಯಲ್ಲ ಅಂತ. ನಾನು ಮೆಟ್ರೊದಲ್ಲಿ ಓದುತ್ತಿದ್ದೆ, "ಹಾಕು ಅವನಿಗೆ!" ಅಂತ ಬಾಯಿಂದ ಬಂದುಬಿಟ್ಟಿತು, ಪಕ್ಕದಲ್ಲಿದ್ದ ಹೆಂಗಸು ಬ್ಯಾಗು ಸರಿಸಿಕೊಂಡರು. ಆ ಒಂದು ಪ್ರಸಂಗಕ್ಕೆ ನಾನು ಹಿರಾಸಾಕನ ಬೇರೆ ನೂರು ತಪ್ಪು ಮನ್ನಿಸುತ್ತೇನೆ.

'ಡೇಟ್ ಅ ಲೈವ್' ಇನ್ನೂ ಮಜಾ. ಕೋಶಿ ತಾಚಿಬಾನಾ ಬರೆದದ್ದು, 2011ರಿಂದ 2020ರವರೆಗೆ 22 ಸಂಪುಟ. ಲೋಕವನ್ನೇ ಒಡೆದು ಹಾಕುವ ಶಕ್ತಿ ಇರುವ ಹುಡುಗಿಯರು ಪ್ರತ್ಯಕ್ಷವಾಗುತ್ತಾರೆ. ಅವರನ್ನು ತಡೆಯಬೇಕಾದರೆ ಶಿದೋ ಎಂಬ ಹುಡುಗ ಅವರಿಗೆ ತನ್ನ ಮೇಲೆ ಪ್ರೀತಿ ಹುಟ್ಟಿಸಿ ಮುತ್ತು ಕೊಡಬೇಕು. ಆಗ ಶಕ್ತಿ ಅಡಗುತ್ತದೆ. ಮುಂದೇನು ಮಾತಾಡಬೇಕು ಅಂತ ಅವನ ಕಿವಿಗೆ ಹೇಳಿಕೊಡಲು ಆಕಾಶದಲ್ಲಿ ಒಂದು ಹಡಗು, ಅದರಲ್ಲಿ ಒಂದು ತಂಡ, ಮೂರು ಉತ್ತರಗಳಲ್ಲಿ ಯಾವುದು ಸರಿ ಅಂತ ಮತ ಹಾಕುತ್ತಾರೆ! ಹುಡುಗಿಗೆ ಎಷ್ಟು ಪ್ರೀತಿ ಬಂತು ಅಂತ ಪರದೆಯ ಮೇಲೆ ಅಂಕಿ ಏರಿ ಇಳಿಯುತ್ತದೆ. ನಗಬೇಡಿ, ನನಗೆ ಈ ಸರಣಿ ಇಷ್ಟ. ಕನಿಷ್ಠ ಇಲ್ಲಿ ಹುಡುಗ ಮೈ ಬಗ್ಗಿಸಿ ದುಡಿಯುತ್ತಾನೆ, ಬೆವರುತ್ತಾನೆ, ಪೆದ್ದುಪೆದ್ದಾಗಿ ಮಾತಾಡಿ ಬೈಸಿಕೊಳ್ಳುತ್ತಾನೆ. ಇನ್ನು ಕುರುಮಿಯ ಬಗ್ಗೆ ನನ್ನನ್ನು ಕೇಳಬೇಡಿ. ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಕೊಂದವಳು, ಹೀರೊನನ್ನು ನುಂಗಲೆಂದೇ ಬಂದವಳು, ಆದರೂ ನನ್ನ ಫೋನಿನ ವಾಲ್‌ಪೇಪರ್ ಬಹಳ ಕಾಲ ಅವಳೇ ಆಗಿದ್ದಳು. ಯಾಕೆಂದರೆ ಅವಳಿಗೆ ಅವಳದ್ದೇ ಒಂದು ಕೆಲಸ ಇದೆ. ಹೀರೊನ ಹೊರಗೆ ಅವಳಿಗೊಂದು ಬದುಕಿದೆ. ಮಿಕ್ಕವರಿಗೆ ಬಹಳಷ್ಟು ಸಲ ಅದೇ ಇರುವುದಿಲ್ಲ.

ಇದೇ ಸರಣಿಯ ಒರಿಗಾಮಿಯನ್ನು ನೋಡಿ. ಶಿದೋನ ಸಹಪಾಠಿ. ಅವನ ಬಗ್ಗೆ ಗೊತ್ತಿರಬಾರದ್ದೆಲ್ಲ ಅವಳಿಗೆ ಗೊತ್ತು. ಅವನ ವಸ್ತುಗಳ ಮೇಲೆ ಕಣ್ಣು, ಅವನ ಹಿಂದೆಯೇ ಓಡಾಟ, ಅವಕಾಶ ಸಿಕ್ಕಿದರೆ ಮೈಮೇಲೆ ಬೀಳುವುದು. ಅವಳ ಹಿನ್ನೆಲೆ ನಿಜಕ್ಕೂ ಕರುಳು ಹಿಂಡುವಂಥದ್ದು, ಆದರೆ ಈ ಹಿಂಬಾಲಿಸುವ ಭಾಗವೆಲ್ಲ ನಗುವಿಗೆ. ಎಲ್ಲ ಹ್ಯಾರೆಮ್‌ನಲ್ಲೂ ಇಂಥವಳು ಒಬ್ಬಳು ಇರಲೇಬೇಕು ಅನ್ನುವ ಹಾಗಾಗಿದೆ. ಪ್ರೀತಿಯ ಹುಚ್ಚಿನಲ್ಲಿ ಕೊಲೆಗೂ ಹೇಸದವಳು, ಯಾಂಡೆರೆ. ಅಕ್ಕನ ಮಗ ತೋರಿಸಿದ ಚಿತ್ರವೂ ಅದೇ ಜಾತಿ.

ಇವಳು ಯಾಕೆ ಬೇಕು? ಹೆದರಿಸುವುದಕ್ಕಲ್ಲ. ಹೊಗಳುವುದಕ್ಕೆ! ನಿನಗಾಗಿ ನಾನು ಕೊಲ್ಲುತ್ತೇನೆ ಅಂದರೆ ಓದುವ ಹುಡುಗನ ಕಿವಿಗೆ ಕೇಳುವುದು "ನೀನು ಅಷ್ಟು ಬೆಲೆಬಾಳುವವನು" ಅಂತ. ಹುಡುಗ ಏನು ಮಾಡಿದ ಅಷ್ಟು ಬೆಲೆ ಬರಲು? ಚಿಕ್ಕಂದಿನಲ್ಲಿ ಒಮ್ಮೆ ಕೈ ಹಿಡಿದು ರಸ್ತೆ ದಾಟಿಸಿದ್ದ. ಇಲ್ಲವೇ ಮಳೆಯಲ್ಲಿ ಕೊಡೆ ಕೊಟ್ಟಿದ್ದ. ಅಷ್ಟಕ್ಕೆ ಒಂದು ಜೀವ ಪೂರ್ತಿ ಬರೆದುಕೊಟ್ಟಿದ್ದಾಳೆ. ಅವಳ ಹುಚ್ಚೇ ಅವನಿಗೆ ಭದ್ರತೆ. ಬೇರೆ ಹುಡುಗಿಯರು ಒಂದಲ್ಲ ಒಂದು ದಿನ ಬೇಸತ್ತು ಹೋಗಬಹುದು, ಇವಳು ಹೋಗುವುದಿಲ್ಲ.

ಈ "ಹೋಗುವುದಿಲ್ಲ" ಎಷ್ಟು ದೂರ ಹೋಗಿದೆ ಗೊತ್ತಾ? ಅನೇಕೊ ಯುಸಾಗಿ ಬರೆದ, 2012ರಲ್ಲಿ ಇಂಟರ್ನೆಟ್ಟಿನಲ್ಲಿ ಶುರುವಾದ 'ಶೀಲ್ಡ್ ಹೀರೊ' ಕಥೆ. ಬೇರೆ ಲೋಕಕ್ಕೆ ಬಂದು ಬಿದ್ದ ಹುಡುಗನಿಗೆ ಒಬ್ಬಳು ಸುಳ್ಳು ಆಪಾದನೆ ಹೊರಿಸುತ್ತಾಳೆ. ಇನ್ನು ಯಾರನ್ನೂ ನಂಬುವುದಿಲ್ಲ ಅಂತ ಅವನು ರಾಫ್ತಾಲಿಯಾ ಎಂಬ ಪುಟ್ಟ ಹುಡುಗಿಯನ್ನು ಗುಲಾಮಳಾಗಿ ಕೊಳ್ಳುತ್ತಾನೆ. ಅವಳ ಎದೆಯ ಮೇಲೆ ಮಂತ್ರದ ಗುರುತು, ಮಾತು ಮೀರಿದರೆ ನೋವು. ಆಮೇಲೆ ಆ ಗುರುತನ್ನು ಬೇರೆಯವರು ಅಳಿಸಿ ಅವಳನ್ನು ಬಿಡಿಸುತ್ತಾರೆ. ಅವಳು ಏನು ಮಾಡುತ್ತಾಳೆ? ತಾನೇ ಹೋಗಿ ಮತ್ತೆ ಹಾಕಿಸಿಕೊಳ್ಳುತ್ತಾಳೆ! ಅವನಿಗೆ ನಂಬಿಕೆ ಬರಲಿ ಅಂತ. ಓದುವಾಗ ಕಣ್ಣು ಒದ್ದೆಯಾಗುವ ಹಾಗೆ ಬರೆದಿದ್ದಾರೆ, ಅದೇ ಅದರ ಅಪಾಯ. ಅವಳು ಬಿಡುಗಡೆಯಾದ ಮೇಲೂ ಸುಮ್ನೆ ಪಕ್ಕದಲ್ಲಿ ನಿಂತಿದ್ದರೆ ಸಾಲದಾಗಿತ್ತಾ? ಸಾಲದು. ಯಾಕೆಂದರೆ ಹೋಗಲು ಬರುವವಳು ಇಂದು ಇದ್ದಾಳೆ, ನಾಳೆ ಗೊತ್ತಿಲ್ಲ. ಬೀಗ ಬೇಕು. ಬೀಗವನ್ನು ಅವಳೇ ಹಾಕಿಕೊಂಡರೆ ಇನ್ನೂ ಒಳ್ಳೆಯದು, ನಮ್ಮ ಕೈಗೆ ಪಾಪ ಅಂಟುವುದಿಲ್ಲ.

"ಮೇಡಂ, ಇದು ಬರೀ ಕಥೆ" ಅಂತ ಕೆಲವರು ಈಗಾಗಲೇ ಟೈಪ್ ಮಾಡುತ್ತಿರುತ್ತೀರಿ. ಸ್ವಲ್ಪ ತಡೆಯಿರಿ.

2019ರ ಮೇ ತಿಂಗಳಲ್ಲಿ ಟೋಕಿಯೊದ ಶಿಂಜುಕುವಿನಲ್ಲಿ ಒಬ್ಬ ಯುವತಿ ತಾನು ಮೆಚ್ಚಿದ ಹುಡುಗನ ಹೊಟ್ಟೆಗೆ ಚಾಕು ಹಾಕಿದಳು. ಅವನು ಬದುಕುಳಿದ, ಪುಣ್ಯ. ಸ್ಥಳದಲ್ಲಿ ತೆಗೆದ ಅವಳ ಫೋಟೊ ಇಂಟರ್ನೆಟ್ಟಿನಲ್ಲಿ ಹರಿದಾಡಿತು. ಜನ ಏನಂದರು ಗೊತ್ತಾ? ನಿಜವಾದ ಯಾಂಡೆರೆ, ಎಷ್ಟು ಚೆಂದ ಇದ್ದಾಳೆ! ಅವಳನ್ನು ಅನಿಮೆ ಹುಡುಗಿಯ ಹಾಗೆ ಚಿತ್ರ ಬರೆದವರೂ ಇದ್ದರು. ಅಲ್ಲಿ ರಕ್ತ ಸುರಿಸಿಕೊಂಡು ಬಿದ್ದಿದ್ದವನು ಒಬ್ಬ ಮನುಷ್ಯ. ಅವನನ್ನು ಕೇಳಬೇಕಿತ್ತು, ಎಷ್ಟು ಬೆಲೆಬಾಳುವವನು ಅನ್ನಿಸಿತಪ್ಪಾ ಅಂತ.

ಮತ್ತೆ ನಿಜ ಬದುಕಿನಲ್ಲಿ ಇದು ಹೆಚ್ಚಾಗಿ ತಿರುಗಾಮುರುಗಾ. 1999ರಲ್ಲಿ ಸೈತಾಮಾದ ಒಕೆಗಾವಾ ರೈಲು ನಿಲ್ದಾಣದ ಬಳಿ ಒಬ್ಬ ಕಾಲೇಜು ಹುಡುಗಿಯ ಕೊಲೆಯಾಯಿತು. ಬಿಟ್ಟು ಹೋದಳು ಅಂತ ಹಳೆಯ ಗೆಳೆಯ ಮತ್ತು ಅವನ ಕಡೆಯವರು ತಿಂಗಳುಗಟ್ಟಲೆ ಕಾಡಿದ್ದರು. ಆಕೆ ಪೊಲೀಸರಿಗೆ ದೂರು ಕೊಟ್ಟಿದ್ದಳು, ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. (ಕೇಳಿಸದ ಹಾಗೆ ಇರುವುದು ಬರೀ ಹ್ಯಾರೆಮ್ ಹೀರೊಗಳಿಗೆ ಬರುವ ವಿದ್ಯೆ ಅಲ್ಲ.) ಆ ಸಾವಿನ ನಂತರ 2000ದಲ್ಲಿ ಜಪಾನ್ ಹಿಂಬಾಲಿಸಿ ಕಾಡುವವರ ವಿರುದ್ಧ ಕಾನೂನು ತಂದಿತು. ಅಲ್ಲಿ ಹೀಗೆ ಕಾಡಿಸಿಕೊಳ್ಳುವವರಲ್ಲಿ ಬಹುಪಾಲು ಹೆಂಗಸರೇ. ಕಥೆಯಲ್ಲಿ ಮಾತ್ರ ಹಿಂದೆ ಬೀಳುವವಳು ಅವಳು, ಪಾಪದವನು ಇವನು! ನಮ್ಮ ಸಿನಿಮಾದವರು ದಶಕಗಟ್ಟಲೆ ಇದನ್ನೇ ಹುಡುಗನ ಕೈಯಲ್ಲಿ ಮಾಡಿಸಿ ಹಾಡು ಹಾಕಿದರು, ಅದರ ಬಗ್ಗೆ ನಾನು ಬರೆದಾಗ ಯಾರ್ಯಾರು ಬಂದು ಬೈದಿರಿ ಅಂತ ನನಗೆ ನೆನಪಿದೆ.

ನಾನು ದಾವಣಗೆರೆಯಲ್ಲಿ ಪಿಯುಸಿ ಓದುವಾಗ ಒಬ್ಬ ಹುಡುಗ ಟ್ಯೂಷನ್ ದಾರಿಯಲ್ಲಿ ನಿಲ್ಲುತ್ತಿದ್ದ. ಒಂದು ದಿನ ಗೆಳತಿಯ ಕೈಯಲ್ಲಿ ಡೈರಿ ಕಳಿಸಿದ. ಅದರಲ್ಲಿ ಯಾವ ದಿನ ನಾನು ಯಾವ ಬಣ್ಣದ ಚೂಡಿದಾರ ಹಾಕಿದ್ದೆ, ಯಾರ ಜೊತೆ ನಕ್ಕೆ, ಎಷ್ಟು ಹೊತ್ತಿಗೆ ಮನೆಗೆ ಹೋದೆ, ಎಲ್ಲ ಬರೆದಿತ್ತು. ಗೆಳತಿಯರು "ಎಷ್ಟು ಪ್ರೀತಿ ಕಣೇ ಅವನಿಗೆ" ಅಂದರು. ನನಗೆ ಕೈಕಾಲು ತಣ್ಣಗಾಯಿತು. ದಾರಿ ಬದಲಾಯಿಸಿದೆ. ಆಮೇಲೆ ಟ್ಯೂಷನ್ನೇ ಬಿಟ್ಟೆ. ಅಪ್ಪನಿಗೆ ಹೇಳಲಿಲ್ಲ, ಹೇಳಿದ್ದರೆ ಕಾಲೇಜೇ ಬಿಡಿಸುತ್ತಿದ್ದರೇನೋ. ಇದನ್ನು ಇಲ್ಲಿ ಬರೆಯಬೇಕು ಅಂತ ಕೂತಿರಲಿಲ್ಲ, ಬಂತು, ಇರಲಿ.

ಒಟ್ಟಿನಲ್ಲಿ ಯಾರೋ ನಮ್ಮನ್ನೇ ನೋಡುತ್ತಿದ್ದಾರೆ, ಬಿಡುವುದಿಲ್ಲ ಅನ್ನುವುದು ಹೇಗಿರುತ್ತದೆ ಅಂತ ಗೊತ್ತಿರುವವರು ಅದನ್ನು ಆಸೆ ಪಡುವುದಿಲ್ಲ.

ಜಪಾನಿಗೆ ಇದು ಗೊತ್ತಿಲ್ಲದ ವಿಷಯವೇನಲ್ಲ, ಅದೇ ನನ್ನ ಹೊಟ್ಟೆಯುರಿ. ಸಾವಿರ ವರ್ಷದ ಹಿಂದೆ ಮುರಸಾಕಿ ಶಿಕಿಬು ಎಂಬ ಹೆಂಗಸು 'ಗೆಂಜಿಯ ಕಥೆ' ಬರೆದಳು. ಗೆಂಜಿ ಎಂಥವನು? ದೊಡ್ಡ ಅರಮನೆ ಕಟ್ಟಿಸಿ ಅದರಲ್ಲಿ ನಾಲ್ಕು ಭಾಗ ಮಾಡಿ ತನ್ನ ಹೆಂಗಸರನ್ನು ಇಟ್ಟವನು. ಅದಕ್ಕಿಂತ ದೊಡ್ಡ ಹ್ಯಾರೆಮ್ ಬೇಕಾ? ಅವನನ್ನು ಪ್ರೀತಿಸಿದವರಲ್ಲಿ ಒಬ್ಬಳು ರೊಕುಜೊ. ದೊಡ್ಡ ಮನೆತನದವಳು, ಗಂಡ ಸತ್ತವಳು, ಗೆಂಜಿಗಿಂತ ದೊಡ್ಡವಳು. ಅವನು ಬರುವುದು ಕಡಿಮೆ ಮಾಡುತ್ತಾನೆ. ಹಬ್ಬದ ಮೆರವಣಿಗೆ ನೋಡಲು ಹೋದಾಗ ಗೆಂಜಿಯ ಹೆಂಡತಿ ಅವೊಯ್ ಕಡೆಯ ಆಳುಗಳು ರೊಕುಜೊಳ ಗಾಡಿಯನ್ನು ಎಲ್ಲರೆದುರು ಹಿಂದಕ್ಕೆ ತಳ್ಳುತ್ತಾರೆ. ಆ ಅವಮಾನ ಅವಳೊಳಗೆ ಕುದಿಯುತ್ತದೆ. ಬದುಕಿರುವಾಗಲೇ ಅವಳ ಜೀವ ಅವಳಿಗೇ ತಿಳಿಯದೆ ಮೈಬಿಟ್ಟು ಹೋಗಿ ಅವೊಯ್‌ಯನ್ನು ಹಿಡಿದುಕೊಳ್ಳುತ್ತದೆ. ಅಲ್ಲಿ ದೆವ್ವ ಬಿಡಿಸಲು ಹೋಮ ಮಾಡುತ್ತಾರೆ. ಇಲ್ಲಿ, ತನ್ನ ಮನೆಯಲ್ಲಿ ಎಚ್ಚರಾದ ರೊಕುಜೊಳ ಬಟ್ಟೆಗೆ ಆ ಹೋಮದಲ್ಲಿ ಸುಟ್ಟ ಕಾಳಿನ ವಾಸನೆ! ತಲೆ ತೊಳೆಯುತ್ತಾಳೆ, ಬಟ್ಟೆ ಬದಲಾಯಿಸುತ್ತಾಳೆ, ವಾಸನೆ ಹೋಗುವುದಿಲ್ಲ. ಆಗ ಅವಳಿಗೆ ಗೊತ್ತಾಗುತ್ತದೆ, ಅದು ತಾನೇ ಅಂತ.

ಅವಳಿಗೆ ತನ್ನನ್ನು ಕಂಡೇ ಹೇಸಿಗೆಯಾಗುತ್ತದೆ. ಮುರಸಾಕಿ ಬರೆದದ್ದು ಆ ಹೇಸಿಗೆಯನ್ನು. ಹುಚ್ಚು ಪ್ರೀತಿಯ ಒಳಗೆ ಸಿಕ್ಕಿಕೊಂಡವಳಿಗೆ ಏನಾಗುತ್ತದೆ ಅಂತ. ಈಗಿನವರು ಅದೇ ಹೆಂಗಸನ್ನು ತೆಗೆದುಕೊಂಡು, ಅವಳ ಒಳಗನ್ನು ಪೂರ್ತಿ ಖಾಲಿ ಮಾಡಿ, ಚಾಕು ಮಾತ್ರ ಕೈಯಲ್ಲಿ ಇಟ್ಟು, ಕೀ ಚೈನು ಮಾಡಿ ಮಾರುತ್ತಿದ್ದಾರೆ.

ಎಲ್ಲರೂ ಹೀಗೇ ಅಂತಲೂ ಇಲ್ಲ. 'ಸ್ಕೂಲ್ ಡೇಸ್' ಲೈಟ್ ನಾವೆಲ್ ಅಲ್ಲ, 2005ರ ಕಂಪ್ಯೂಟರ್ ಗೇಮ್, ಆಮೇಲೆ 2007ರಲ್ಲಿ ಅನಿಮೆ. ಅದರ ಹುಡುಗ ಮಕೋತೊ ಯಾರಿಗೂ ಇಲ್ಲ ಅನ್ನದೆ, ಯಾರಿಗೂ ಹೌದು ಅನ್ನದೆ ಎಲ್ಲರ ಜೊತೆ ತಿರುಗುತ್ತಾನೆ. ಕೊನೆಗೆ ಏನಾಗಬೇಕೋ ಅದೇ ಆಗುತ್ತದೆ, ಅನಿಮೆಯಲ್ಲಿ ಆ ಹುಡುಗಿಯರಲ್ಲಿ ಒಬ್ಬಳು ಅವನನ್ನು ಚಾಕುವಿನಿಂದ ಇರಿದು ಕೊಲ್ಲುತ್ತಾಳೆ. ಆ ಕೊನೆಯ ಕಂತು ಪ್ರಸಾರವಾಗಬೇಕಿದ್ದ ಹೊತ್ತಿಗೇ ಕ್ಯೋಟೊ ಕಡೆ ಒಬ್ಬ ಹುಡುಗಿ ತಂದೆಯನ್ನು ಕೊಡಲಿಯಿಂದ ಕೊಂದ ಸುದ್ದಿ ಬಂತು. ಟಿವಿಯವರು ಗಾಬರಿಯಾಗಿ ಕಂತು ನಿಲ್ಲಿಸಿ ಅದರ ಬದಲು ಯುರೋಪಿನ ನೀರು, ಗುಡ್ಡ, ದೋಣಿಗಳ ದೃಶ್ಯ ಹಾಕಿದರು. ಅಭಿಮಾನಿಗಳಿಗೆ ಆ ದೋಣಿಯೇ ದೊಡ್ಡ ಜೋಕಾಯಿತು. ಮಕೋತೊ ಮಾಡಿದ್ದೇನು ಅನ್ನುವ ಮಾತೇ ಹೋಯಿತು. ಅವನನ್ನು ಎಲ್ಲರೂ ಬೈಯುತ್ತಾರೆ, ನಿಜ. ಆದರೆ ಬೇರೆ ಹ್ಯಾರೆಮ್ ಹೀರೊಗಳು ಮಾಡುವುದನ್ನೇ ಅವನು ಮಾಡಿದ, ಲೆಕ್ಕ ಮಾತ್ರ ಕಟ್ಟಬೇಕಾಯಿತು.

ಇನ್ನು ಒಂಟಿತನದ ವಾದ. ಇದನ್ನು ಹೇಳುವವರ ಮೇಲೆ ನನಗೆ ಕನಿಕರ ಇದೆ, ಸುಮ್ನೆ ತಳ್ಳಿಹಾಕಲ್ಲ. ಜಪಾನಿನಲ್ಲಿ 2021ರಲ್ಲಿ ಸರ್ಕಾರದ ಸಂಸ್ಥೆಯೊಂದು ಮಾಡಿದ ಸಮೀಕ್ಷೆಯ ಪ್ರಕಾರ 18ರಿಂದ 34 ವರ್ಷದ ಮದುವೆಯಾಗದ ಗಂಡಸರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿಗೆ ಗೆಳತಿ ಇರಲಿಲ್ಲ. ದುಡಿದು ಸುಸ್ತಾಗಿ ಬಂದವನು ರಾತ್ರಿ ಎರಡು ಗಂಟೆ ಯಾರೋ ತನ್ನನ್ನು ಪ್ರೀತಿಸುವ ಕಥೆ ಓದಿದರೆ ನಿನಗೇನು ನೋವು ಅಂತ ಕೇಳುತ್ತಾರೆ. ಸರಿ, ಓದಲಿ. ಆದರೆ ಅದೇ ಸಮೀಕ್ಷೆಯಲ್ಲಿ ಹೆಂಗಸರಲ್ಲೂ ನೂರಕ್ಕೆ 60ಕ್ಕೂ ಹೆಚ್ಚು ಮಂದಿ ಒಂಟಿ. ಎರಡು ಕಡೆಯೂ ಕಾಯುತ್ತಾ ಕೂತಿದ್ದಾರೆ. ಯಾರೂ ಕಿಟಕಿ ಹಾರಿ ಬುತ್ತಿ ತರುವುದಿಲ್ಲ. ಯಾರಾದರೊಬ್ಬರು ಬಾಯಿ ಬಿಡಬೇಕು, ಇಲ್ಲ ಅನ್ನಿಸಿಕೊಳ್ಳಬೇಕು. ಈ ಪುಸ್ತಕಗಳು ಒಂಟಿತನಕ್ಕೆ ಮದ್ದು ಅನ್ನುವುದಾದರೆ, ಕಷ್ಟವಾದ ಆ ಒಂದೇ ಒಂದು ಜಾಗವನ್ನು ಯಾಕೆ ಪ್ರತಿ ಸಲವೂ ಹಾರಿಸಿಕೊಂಡು ಹೋಗುತ್ತವೆ? (ಹೆಂಗಸರಿಗಾಗಿ ಬರೆದದ್ದರಲ್ಲೂ ಬಿಡದೆ ಕಾಡುವ ರಾಜಕುಮಾರರು ಇದ್ದಾರಲ್ಲ ಅನ್ನುವವರಿಗೆ: ಹೌದು, ಇದ್ದಾರೆ, ಅವರೂ ಅಷ್ಟೇ ಅಸಹ್ಯ, ಅವರನ್ನೂ ಓದುತ್ತೇನೆ, ಮುಂದೆ ಹೋಗಿ.)

ಹಾರಿಸಲು ಕಾರಣ ದುಡ್ಡು, ಇನ್ನೇನು. ಆಯ್ಕೆ ಮಾಡಿದರೆ ಸರಣಿ ಮುಗಿಯುತ್ತದೆ, ಸೋತ ಹುಡುಗಿಯ ಅಭಿಮಾನಿಗಳು ಮುನಿಯುತ್ತಾರೆ. ತ್ಸುಕಾಸಾ ಫುಶಿಮಿ ಬರೆದ 'ಒರೆಇಮೊ' ಗೊತ್ತಲ್ಲ. 2013ರಲ್ಲಿ 12ನೇ ಸಂಪುಟಕ್ಕೆ ಮುಗಿಯಿತು. ಹೀರೊ ಎಲ್ಲರನ್ನೂ ಬಿಟ್ಟು ಒಡಹುಟ್ಟಿದ ತಂಗಿಯನ್ನೇ ಆರಿಸಿಕೊಂಡು ಜನರ ಕೈಯಲ್ಲಿ ಉಗಿಸಿಕೊಂಡ. ಆ ಜಗಳ ತಣ್ಣಗಾದ ಎಷ್ಟೋ ವರ್ಷಕ್ಕೆ, 2019ರಿಂದ, ಲೇಖಕರು ಬೇರೆ ಬೇರೆ ಮುಕ್ತಾಯ ಬರೆಯತೊಡಗಿದರು. ಒಂದರಲ್ಲಿ ಅಯಾಸೆ ಗೆಲ್ಲುತ್ತಾಳೆ, ಇನ್ನೊಂದರಲ್ಲಿ ಕುರೊನೆಕೊ, ಮತ್ತೊಂದರಲ್ಲಿ ಕನಾಕೊ. ಯಾರನ್ನೂ ಕಳೆದುಕೊಳ್ಳಬೇಕಿಲ್ಲ, ಕಾಸು ಕೊಟ್ಟರೆ ಆಯಿತು! ಕುರೊನೆಕೊ ಗೆಲ್ಲುವ ಸಂಪುಟ ಬಂತು ಅಂತ ಕೇಳಿದ ದಿನ ನಾನು ಕುಣಿದಾಡಿದ್ದೆ, ಅದೂ ಇರಲಿ. ಆ ಹುಡುಗಿಗೆ ಅನ್ಯಾಯವಾಗಿತ್ತು ಅನ್ನುವುದರಲ್ಲಿ ನನಗೆ ಇವತ್ತಿಗೂ ಅನುಮಾನ ಇಲ್ಲ.

ಹಾಗಾದರೆ ಏನು ಓದಬೇಕು ಅಂತ ಕೇಳುವವರಿಗೆ, ತಕಿಬಿ ಅಮಾಮೊರಿ ಬರೆದ 'ಮಕೆಇನ್' ಓದಿ. 2021ರಲ್ಲಿ ಶುರುವಾಯಿತು, 2024ರಲ್ಲಿ ಅನಿಮೆ ಬಂತು, ಕಥೆ ನಡೆಯುವುದು ತೊಯೊಹಾಶಿ ಊರಲ್ಲಿ. ಮೊದಲ ಪುಟಗಳಲ್ಲೇ ಯಾನಾಮಿ ಎಂಬ ಹುಡುಗಿ ಹೋಟೆಲಿನಲ್ಲಿ ಕೂತು ತಾನು ಚಿಕ್ಕಂದಿನಿಂದ ಪ್ರೀತಿಸಿದ ಹುಡುಗನನ್ನು ಇನ್ನೊಬ್ಬಳ ಹತ್ತಿರ ಕಳಿಸಿಕೊಡುತ್ತಾಳೆ. ಅಳುತ್ತಾಳೆ. ಅಳುತ್ತಳುತ್ತಾ ತಿನ್ನುತ್ತಾಳೆ. ಬಿಲ್ಲು ಕಟ್ಟಲು ದುಡ್ಡಿಲ್ಲ, ಪಕ್ಕದಲ್ಲಿ ಕೂತಿದ್ದ ನಮ್ಮ ಹೀರೊ ಕಟ್ಟುತ್ತಾನೆ. ಆ ಸಾಲ ತೀರಿಸಲು ದಿನಾ ಬುತ್ತಿ ತರುತ್ತಾಳೆ. ಅಂದರೆ ಹ್ಯಾರೆಮ್‌ನ ಬುತ್ತಿ ಇಲ್ಲಿಯೂ ಇದೆ, ಆದರೆ ಅದು ಪೂಜೆಯ ನೈವೇದ್ಯ ಅಲ್ಲ, ಲೆಕ್ಕ. ಅವಳು ಯಾರನ್ನೂ ಕೊಲ್ಲುವುದಿಲ್ಲ, ಯಾರ ಡೈರಿಯನ್ನೂ ಬರೆಯುವುದಿಲ್ಲ. ಮಾರನೇ ದಿನ ಶಾಲೆಗೆ ಹೋಗುತ್ತಾಳೆ, ಮತ್ತೆ ಹಸಿವಾಗುತ್ತದೆ.

ಇದೇ ಥರದ್ದು ಬೇರೆ ಗೊತ್ತಿದ್ದರೆ ಕೆಳಗೆ ಹೆಸರು ಹಾಕಿ. ಹುಡುಗನೇ ಮೊದಲು ಬಾಯಿ ಬಿಟ್ಟು ಕೇಳಬೇಕು, ಮುಖಕ್ಕೆ ಹೊಡೆದ ಹಾಗೆ ಇಲ್ಲ ಅನ್ನಿಸಿಕೊಳ್ಳಬೇಕು, ಅದಾದ ಮೇಲೂ ಕಥೆ ನಡೆಯಬೇಕು. ಇಂಗ್ಲಿಷಿನಲ್ಲಿ ಸಿಕ್ಕರೂ ಸಾಕು. ಬೇರೆ ಲೋಕಕ್ಕೆ ಹೋಗಿ ಬೀಳುವವರ ಕಥೆ ಬೇಡ. ಮತ್ತೆ "ಬರೀ ಕಥೆ ಮೇಡಂ" ಅಂತಲೇ ಬರೆಯಬೇಕು ಅನ್ನಿಸಿದವರು ಬರೆಯಿರಿ, ನನಗೆ ಕೇಳಿಸುವುದಿಲ್ಲ.